ಟೆನಿಸ್ ಎಲ್ಬೋಗೆ ಸ್ಟೀರಾಯ್ಡ್ ಸೂಜಿನಾ, ಪಿಆರ್‌ಪಿನಾ? ರೊಟ್ಟಿ ಬಡಿಯುವ ಕೈ ಇದು, ಹೇಳಿ

ರೊಟ್ಟಿಮನೆ ಧಾರವಾಡ:
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಸಹಾಯಕ್ಕೆ ಇಬ್ಬರು ಇದ್ದಾರೆ. ಆದರೆ ಹಿಟ್ಟು ನಾದುವುದು ಪೂರ್ತಿ ನನ್ನದೇ, ಬಡಿಯುವುದು ಅರ್ಧ ನನ್ನದು. ದೀಪಾವಳಿಯಿಂದ ಬಲಗೈ ಮೊಣಕೈಯ ಹೊರಗಿನ ಎಲುಬಿನ ಹತ್ತಿರ ನೋವು. ತುಂಬಿದ ತಂಬಿಗೆ ಎತ್ತಲು ಆಗುವುದಿಲ್ಲ. ಒದ್ದೆ ಬಟ್ಟೆ ಹಿಂಡಿದರೆ ಜೀವ ಹೋಗುತ್ತದೆ. ಎಲುಬಿನ ಡಾಕ್ಟರ್ ನೋಡಿ ಟೆನಿಸ್ ಎಲ್ಬೋ ಅಂದರು. ನಾನು ಟೆನಿಸ್ ಬ್ಯಾಟ್ ಮುಟ್ಟಿದವಳೇ ಅಲ್ಲ!

ಮಾತ್ರೆ, ಜೆಲ್, ಮೊಣಕೈ ಬೆಲ್ಟ್ ಎಲ್ಲ ಆಯಿತು. ಈಗ ಎರಡು ದಾರಿ ಹೇಳಿದ್ದಾರೆ. ಒಂದು, ಸ್ಟೀರಾಯ್ಡ್ ಇಂಜೆಕ್ಷನ್, ಎಲ್ಲ ಸೇರಿ 700 ರೂಪಾಯಿ. ಇನ್ನೊಂದು ಪಿಆರ್‌ಪಿ, ನಮ್ಮದೇ ರಕ್ತ ತೆಗೆದು ತಿರುಗಿಸಿ ಹಾಕುವುದಂತೆ, 9 ಸಾವಿರ. ಮುಂದಿನ ತಿಂಗಳು ಮದುವೆ ಆರ್ಡರ್ ಜಾಸ್ತಿ ಇವೆ, ಮುಂಗಡ ತಗೊಂಡಾಗಿದೆ. ವಯಸ್ಸು 46, ಶುಗರ್ ಗಡಿಯಲ್ಲಿದೆ. ಮಾಡಿಸಿಕೊಂಡವರು ಇದ್ದರೆ ಹೇಳಿ. ಯಾವುದು ಒಳ್ಳೆಯದು?

ಶಟಲ್ ಹುಚ್ಚ:
ಕಣ್ಣು ಮುಚ್ಚಿ ಪಿಆರ್‌ಪಿ ಮಾಡಿಸಿ ಅಕ್ಕ. ನನಗೆ ಬ್ಯಾಡ್ಮಿಂಟನ್ ಆಡಿ ಬಂದಿತ್ತು. ಮಾಡಿಸಿ ನಾಲ್ಕು ತಿಂಗಳಿಗೆ ಮತ್ತೆ ಸ್ಮ್ಯಾಶ್ ಹೊಡೆಯುತ್ತಿದ್ದೆ. ನಮ್ಮದೇ ರಕ್ತ, ಸೈಡ್ ಎಫೆಕ್ಟ್ ಇಲ್ಲ. ಸ್ಟೀರಾಯ್ಡ್ ಹತ್ತಿರ ಹೋಗಲೇಬೇಡಿ.

ಲೆಕ್ಕದ ಮೇಷ್ಟ್ರು:
ಆ ನಾಲ್ಕು ತಿಂಗಳು ಆಟ ನಿಲ್ಲಿಸಿದ್ರಾ ಇಲ್ವಾ?

ಶಟಲ್ ಹುಚ್ಚ:
ನಿಲ್ಲಿಸಿದ್ದೆ. ಡಾಕ್ಟರ್ ಹೇಳಿದ್ದರು.

ಲೆಕ್ಕದ ಮೇಷ್ಟ್ರು:
ಹಾಗಾದರೆ ವಾಸಿ ಮಾಡಿದ್ದು ಸೂಜಿಯೋ, ರಜೆಯೋ? ಸುಮ್ನೆ ಕೇಳಿದೆ.

ಮೆಟ್ಟುಗತ್ತಿ ಶಿರಸಿ:
ನನ್ನ ಕಥೆ ಕೇಳಿ ಮಾರಾಯ್ರೆ. ಅಡಿಕೆ ಸುಲಿದು ಸುಲಿದು ಬಂದದ್ದು. ಕೊಯ್ಲಿನ ಹೊತ್ತಿಗೆ ಸರಿಯಾಗಿ ಕೈ ಹಿಡಿದುಕೊಂಡಿತು. ಸ್ಟೀರಾಯ್ಡ್ ಹಾಕಿದರು. ವಾರದೊಳಗೆ ನೋವು ಮಾಯ. ನಾನೂ ಖುಷಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತೆ. ಎರಡು ತಿಂಗಳು ಬಿಟ್ಟು ವಾಪಸ್ ಬಂತು, ಮೊದಲಿಗಿಂತ ಜೋರು. ಮತ್ತೆ ಹಾಕಿಸಿದೆ. ಅದು ಹಿಡಿದದ್ದು ಇನ್ನೂ ಕಮ್ಮಿ ದಿನ. ಮೂರನೆಯದಕ್ಕೆ ಊರಿನ ಇನ್ನೊಬ್ಬ ಡಾಕ್ಟರ್ ಬೈದು ಕಳಿಸಿದರು.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಸೂಜಿ ಹಾಕಿದ ಜಾಗದಲ್ಲಿ ಚರ್ಮ ಬೆಳ್ಳಗಾಯಿತು, ಎಂಟಾಣೆ ಅಗಲ. ಒಳಗೆ ಸ್ವಲ್ಪ ಗುಳಿಯೂ ಬಿತ್ತು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು "ತೊನ್ನಾ?" ಅಂತ ಕೇಳುವುದು. ಬಣ್ಣ ಪೂರ್ತಿ ವಾಪಸ್ ಬರಲು ವರ್ಷದ ಮೇಲೆ ಹಿಡಿಯಿತು.

ಕೀಲು ಕೆಲಸ (ಫಿಸಿಯೋ):
ಶಿರಸಿ ಸರ್ ಹೇಳಿದ್ದು ಅಪರೂಪದ ಕಥೆಯೇನಲ್ಲ. ಇದರ ಮೇಲೆ ದೊಡ್ಡ ಅಧ್ಯಯನಗಳೇ ಇವೆ. 2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ 185 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸ್ಟೀರಾಯ್ಡ್, ಒಂದಕ್ಕೆ ಫಿಸಿಯೋ, ಒಂದಕ್ಕೆ "ಕಾದು ನೋಡಿ" ಅಷ್ಟೇ. ಆರು ವಾರಕ್ಕೆ ಸ್ಟೀರಾಯ್ಡ್ ಗುಂಪಿನ 92% ಜನ ಚೆನ್ನಾಗಿದ್ದರು. ಫಿಸಿಯೋದಲ್ಲಿ 47%, ಕಾದವರಲ್ಲಿ 32%. ಇಲ್ಲಿಗೆ ನಿಲ್ಲಿಸಿದರೆ ಸ್ಟೀರಾಯ್ಡೇ ರಾಜ.

ಆದರೆ ಒಂದು ವರ್ಷ ಬಿಟ್ಟು ನೋಡಿದರೆ ಸ್ಟೀರಾಯ್ಡ್ 69%, ಫಿಸಿಯೋ 91%, ಏನೂ ಮಾಡದೆ ಕಾದವರು 83%. ಅಂದರೆ ಸುಮ್ಮನೆ ಇದ್ದವರಿಗಿಂತಲೂ ಸೂಜಿ ಚುಚ್ಚಿಸಿಕೊಂಡವರು ಹಿಂದೆ! 2006ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 198 ಜನರ ಮೇಲೆ ಮಾಡಿದರು, ಸ್ಟೀರಾಯ್ಡ್ ಗುಂಪಿನಲ್ಲಿ 72% ಜನರಿಗೆ ನೋವು ಮರಳಿತು.

ಮಂಗಳೂರು ಮೂಳೆ ಡಾಕ್ಟ್ರು:
ಫಿಸಿಯೋ ಹೇಳಿದ ಅಂಕಿ ಸರಿ. ಅದಕ್ಕೆ 2013ರದ್ದೊಂದು ಸೇರಿಸುತ್ತೇನೆ, ಅದೂ ಬ್ರಿಸ್ಬೇನ್‌ನದೇ, 165 ಜನ. ಅಲ್ಲಿ ಸ್ಟೀರಾಯ್ಡನ್ನು ಬರೀ ಉಪ್ಪುನೀರಿನ ಇಂಜೆಕ್ಷನ್ ಜೊತೆ ಹೋಲಿಸಿದರು. ಮತ್ತೆ ನೋವು ಬಂದದ್ದು ಸ್ಟೀರಾಯ್ಡ್‌ನಲ್ಲಿ 54%, ಉಪ್ಪುನೀರಿನಲ್ಲಿ 12%. ಜೊತೆಗೆ ಫಿಸಿಯೋ ಮಾಡಿಸಿದರೂ ವರ್ಷದ ಕೊನೆಗೆ ಆ ನಷ್ಟ ತುಂಬಲಿಲ್ಲ. ಫಿಸಿಯೋದವರು ಈ ಕೊನೆಯ ಸಾಲು ಹೇಳುವುದು ಮರೆಯುತ್ತಾರೆ.

ಯಾಕೆ ಹೀಗೆ ಅಂದರೆ, ಇದು ಊತದ ಕಾಯಿಲೆ ಅಲ್ಲ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುವಿನ ತಂತು ಮೊಣಕೈ ಎಲುಬಿಗೆ ಅಂಟಿಕೊಳ್ಳುವ ಜಾಗ ಸವೆದಿರುತ್ತದೆ. 1979ರಲ್ಲೇ ಅಮೆರಿಕದ ನರ್ಷ್ಲ್ ಮತ್ತು ಪೆಟ್ರೋನ್ ಆಪರೇಷನ್‌ನಲ್ಲಿ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಊತದ ಕೋಶಗಳು ಸಿಗಲಿಲ್ಲ. ನಾರುಗಳು ಚೆಲ್ಲಾಪಿಲ್ಲಿ, ನಡುವೆ ಹೊಸ ರಕ್ತನಾಳ. ಸ್ಟೀರಾಯ್ಡ್ ನೋವನ್ನು ಅಡಗಿಸುತ್ತದೆ, ಸವೆದ ನಾರನ್ನು ಕಟ್ಟುವುದಿಲ್ಲ. ನೋವಿಲ್ಲ ಅಂತ ಜನ ಅದೇ ಕೈಗೆ ಅದೇ ಕೆಲಸ ಕೊಡುತ್ತಾರೆ.

ಶಟಲ್ ಹುಚ್ಚ:
ನೋಡಿದ್ರಾ? ಅದಕ್ಕೇ ಪಿಆರ್‌ಪಿ ಅಂದೆ. ಅದು ನಾರನ್ನು ಕಟ್ಟುತ್ತದೆ.

ಮಂಗಳೂರು ಮೂಳೆ ಡಾಕ್ಟ್ರು:
ಕಟ್ಟುತ್ತದೆ ಅನ್ನುವುದು ಆಸೆ. ಒಂದಿಪ್ಪತ್ತು ಮೂವತ್ತು ಎಂಎಲ್ ರಕ್ತ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಎರಡು ಮೂರು ಎಂಎಲ್ ಭಾಗವನ್ನು ನೋವಿನ ಜಾಗಕ್ಕೆ ಹಾಕುತ್ತೇವೆ. ಪ್ಲೇಟ್‌ಲೆಟ್‌ನಲ್ಲಿರುವ ಬೆಳವಣಿಗೆಯ ಅಂಶಗಳು ರಿಪೇರಿ ಶುರು ಮಾಡಿಸುತ್ತವೆ ಅನ್ನುವುದು ಲೆಕ್ಕಾಚಾರ.

2010ರಲ್ಲಿ ನೆದರ್ಲೆಂಡ್ಸ್‌ನವರು 100 ಜನರಲ್ಲಿ ಪಿಆರ್‌ಪಿ ಮತ್ತು ಸ್ಟೀರಾಯ್ಡ್ ಹೋಲಿಸಿದರು. ವರ್ಷದ ಕೊನೆಗೆ ನೋವಿನ ಲೆಕ್ಕದಲ್ಲಿ ಗುಣ ಕಂಡವರು ಪಿಆರ್‌ಪಿಯಲ್ಲಿ 73%, ಸ್ಟೀರಾಯ್ಡ್‌ನಲ್ಲಿ 49%. ಪಿಆರ್‌ಪಿ ಜಾಹೀರಾತುಗಳ ಹಿಂದೆ ಬಹುಪಾಲು ಈ ಅಧ್ಯಯನವೇ ಇರುತ್ತದೆ. ಆದರೆ ಎದುರಾಳಿ ಯಾರು ನೋಡಿ. ವರ್ಷದ ಓಟದಲ್ಲಿ ಸೋಲುತ್ತದೆ ಅಂತ ಮೊದಲೇ ಗೊತ್ತಿದ್ದ ಸ್ಟೀರಾಯ್ಡ್. 2013ರಲ್ಲಿ ಡೆನ್ಮಾರ್ಕ್‌ನಲ್ಲಿ 60 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಪಿಆರ್‌ಪಿ, ಒಂದಕ್ಕೆ ಸ್ಟೀರಾಯ್ಡ್, ಒಂದಕ್ಕೆ ಉಪ್ಪುನೀರು ಹಾಕಿ ನೋಡಿದರು. ಮೂರು ತಿಂಗಳಿಗೆ ನೋವಿನಲ್ಲಿ ಯಾವುದೂ ಉಪ್ಪುನೀರನ್ನು ಸೋಲಿಸಲಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2021ರ ವಿಮರ್ಶೆ 32 ಅಧ್ಯಯನ, 2337 ಜನರ ಮಾಹಿತಿ ಸೇರಿಸಿ ನೋಡಿತು. ರಕ್ತದ ಇಂಜೆಕ್ಷನ್ ಆಗಲಿ ಪಿಆರ್‌ಪಿ ಆಗಲಿ, ಸುಳ್ಳು ಇಂಜೆಕ್ಷನ್‌ಗಿಂತ ಹೇಳಿಕೊಳ್ಳುವಂಥ ಲಾಭ ಬಹುಶಃ ಕೊಡುವುದಿಲ್ಲ ಅಂತ ಬರೆಯಿತು.

ಖಾಲಿ ಜೇಬು:
9 ಸಾವಿರದ ಉಪ್ಪುನೀರು 😂

ಶಟಲ್ ಹುಚ್ಚ:
ನಗುವವರು ನಗಲಿ. ನನಗೆ ವಾಸಿಯಾಗಿದೆ, ಅದಂತೂ ನಿಜ ಅಲ್ವಾ? ನಮ್ಮ ಕೋರ್ಟ್‌ನಲ್ಲಿ ಮಾಡಿಸಿಕೊಂಡವರಲ್ಲಿ ಒಬ್ಬರೂ ಕೆಟ್ಟದಾಯಿತು ಅಂದಿಲ್ಲ. ಅಧ್ಯಯನದವರು ಯಾವ ಮಿಷನ್, ಎಷ್ಟು ಸಲ ತಿರುಗಿಸಿದರು, ಪ್ಲೇಟ್‌ಲೆಟ್ ಎಷ್ಟಿತ್ತು, ಯಾರಿಗೆ ಗೊತ್ತು? ಕೆಟ್ಟ ಪಿಆರ್‌ಪಿ ಹಾಕಿ ಕೆಲಸ ಮಾಡಲಿಲ್ಲ ಅಂದರೆ?

ಮಂಗಳೂರು ಮೂಳೆ ಡಾಕ್ಟ್ರು:
ಈ ಮಾತು ಒಪ್ಪುತ್ತೇನೆ. ಒಂದೊಂದು ಕಡೆ ಒಂದೊಂದು ಕಿಟ್, ಒಂದೊಂದು ವಿಧಾನ. ಬಿಳಿ ರಕ್ತಕಣ ಇಟ್ಟು ಮಾಡುವವರೂ ಇದ್ದಾರೆ, ತೆಗೆದು ಮಾಡುವವರೂ ಇದ್ದಾರೆ. ಆದರೆ ಅದು ನಿಮ್ಮ ಕ್ಲಿನಿಕ್‌ಗೂ ಅನ್ವಯಿಸುತ್ತದೆ. ಹಾಕುವ ಮೊದಲು ಪ್ಲೇಟ್‌ಲೆಟ್ ಎಣಿಸಿ ತೋರಿಸಿದರಾ?

ಶಟಲ್ ಹುಚ್ಚ:
ಇಲ್ಲ. ಹಳದಿ ಬಣ್ಣದ ಸಿರಿಂಜ್ ತೋರಿಸಿದರು.

ಲೆಕ್ಕದ ಮೇಷ್ಟ್ರು:
ಈ ನೋವು ಏನೂ ಮಾಡದಿದ್ದರೂ ಹತ್ತರಲ್ಲಿ ಎಂಟೊಂಬತ್ತು ಜನಕ್ಕೆ ವರ್ಷದೊಳಗೆ ಕಮ್ಮಿಯಾಗುತ್ತದೆ. ಹಾಗಾಗಿ ಈ ಕಾಯಿಲೆಯಲ್ಲಿ ಕೊನೆಗೆ ಏನು ಮಾಡಿದ್ದೆವೋ ಅದಕ್ಕೇ ಹೆಸರು. ನಮ್ಮ ಚಿಕ್ಕಪ್ಪ ಕೊನೆಗೆ ತಾಯತ ಕಟ್ಟಿಸಿಕೊಂಡರು. ಈಗ ಬೀದಿಗೆಲ್ಲ ತಾಯತ ಶಿಫಾರಸು ಮಾಡುತ್ತಾರೆ.

ಸಿಹಿಮೂತ್ರ ಸಂಘ:
ಅಕ್ಕಾವ್ರೆ, ಶುಗರ್ ಗಡಿಯಲ್ಲಿದೆ ಅಂದಿದ್ದೀರಿ. ನನಗೆ ಭುಜಕ್ಕೆ ಸ್ಟೀರಾಯ್ಡ್ ಹಾಕಿದಾಗ ಶುಗರ್ ಮುನ್ನೂರರ ಮೇಲೆ ಹೋಗಿ ನಾಲ್ಕೈದು ದಿನ ಇಳಿಯಲಿಲ್ಲ. ಸೂಜಿ ಹಾಕುವವರಿಗೆ ಶುಗರ್ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಅವರು ಕೇಳಿರುವುದಿಲ್ಲ.

ಪುತ್ತೂರು ಕಟ್ಟು ಅಭಿಮಾನಿ:
ಇಷ್ಟೆಲ್ಲ ಯಾಕೆ? ಪುತ್ತೂರು ಕಟ್ಟು ಹಾಕಿಸಿ, ಮೂರು ಕಟ್ಟಿಗೆ ಸರಿ.

ಕೀಲು ಕೆಲಸ (ಫಿಸಿಯೋ):
ದಯವಿಟ್ಟು ಬೇಡ. ಎಲುಬು ಮುರಿದಿಲ್ಲ. ಮೊಣಕೈ ಕಟ್ಟಿ ವಾರಗಟ್ಟಲೆ ಕೂರಿಸಿದರೆ ಬಿಗಿದುಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸಲು ನನ್ನ ಹತ್ತಿರವೇ ಬರುತ್ತೀರಿ.

ಪುತ್ತೂರು ಕಟ್ಟು ಅಭಿಮಾನಿ:
ನಿಮಗೆ ಗಿರಾಕಿ ಬಂದರೆ ಬೇಜಾರಾ?

ವೈದ್ಯರ ಮೊಮ್ಮಗ:
ಆಯುರ್ವೇದದಲ್ಲಿ ಅಗ್ನಿಕರ್ಮ ಇದೆ. ಲೋಹದ ಶಲಾಕೆ ಕಾಯಿಸಿ ನೋವಿನ ಜಾಗದಲ್ಲಿ ಚುಕ್ಕೆ ಚುಕ್ಕೆ ಮುಟ್ಟಿಸುತ್ತಾರೆ. ನಮ್ಮ ಅತ್ತೆಗೆ ಎರಡು ಸಲಕ್ಕೆ ಹಗುರವಾಯಿತು. ಸೂಜಿಯೂ ಇಲ್ಲ, ಸ್ಟೀರಾಯ್ಡೂ ಇಲ್ಲ.

ಖಾಲಿ ಜೇಬು:
ಹಳ್ಳಿಯಲ್ಲಿ ಇದನ್ನೇ ಬರೆ ಹಾಕುವುದು ಅಂತಿದ್ರು. ಈಗ ಪ್ಯಾಕೇಜ್.

ಮಂಗಳೂರು ಮೂಳೆ ಡಾಕ್ಟ್ರು:
ಹೊಸ ಉರಿ ಹಳೆಯ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಅದು ಗೊತ್ತಿರುವ ವಿಷಯ. ಶುಗರ್ ಇರುವವರ ಚರ್ಮ ಸುಡುವುದು ನನಗೆ ಇಷ್ಟವಿಲ್ಲ. ಗಾಯ ಮಾಯಲು ತಡವಾಗುತ್ತದೆ.

ಕ್ರಿಕೆಟ್ ಕಾಮತ್:
ಟೆನಿಸ್ ಎಲ್ಬೋ ಅಂದರೆ ನನಗೆ ನೆನಪಾಗುವುದು 2004. ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಟೆಸ್ಟ್. ಕಷ್ಟಪಟ್ಟು ಟಿಕೆಟ್ ತಗೊಂಡೆವು. ಸಚಿನ್ ಇಲ್ಲ! ಮೊಣಕೈ. ನೋಡಿದ್ದು ಮೈಕೆಲ್ ಕ್ಲಾರ್ಕ್ ಮೊದಲ ಟೆಸ್ಟ್‌ನಲ್ಲೇ 151 ಹೊಡೆದದ್ದು. 217 ರನ್ನಿಂದ ಸೋತೆವು.

ಖಾಲಿ ಜೇಬು:
ಸಚಿನ್‌ದು ಭಾರದ ಬ್ಯಾಟ್‌ನಿಂದಲೇ ಬಂದದ್ದು. ಯಾರು ಹೇಳಿದರೂ ಕೇಳಲಿಲ್ಲ.

ಕ್ರಿಕೆಟ್ ಕಾಮತ್:
ಭಾರದ ಬ್ಯಾಟ್‌ನಲ್ಲಿ ಅದಕ್ಕೂ ಮೊದಲು ಹದಿನೈದು ವರ್ಷ ಆಡಿದ್ದರಲ್ಲ, ಆಗ ಯಾಕೆ ಬರಲಿಲ್ಲ? ನೋವಿದ್ದದ್ದು ಎಡ ಮೊಣಕೈ, ಅಂದರೆ ಹಿಡಿಯ ಮೇಲಿನ ಕೈ. ನಾಗ್ಪುರದ ಟೆಸ್ಟ್‌ಗೆ ವಾಪಸ್ ಬಂದರು, ಆದರೂ ಕೊನೆಗೆ 2005ರ ಮೇನಲ್ಲಿ ಲಂಡನ್‌ಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ದುಡ್ಡು, ಡಾಕ್ಟರು, ಫಿಸಿಯೋ ಎಲ್ಲ ಕೈಗೆಟುಕುವವರಿಗೇ ಹೀಗೆ.

ನಿರ್ವಾಹಕ:
ಕ್ರಿಕೆಟ್‌ಗೆ ಬೇರೆ ಎಳೆ ಇದೆ. ಇಲ್ಲಿ ಅಕ್ಕನ ಕೈ ವಿಷಯ ಮಾತಾಡಿ.

ರೊಟ್ಟಿಮನೆ ಧಾರವಾಡ:
ಎಲ್ಲರಿಗೂ ಧನ್ಯವಾದ. ಓದಿ ತಲೆ ಇನ್ನೂ ಗಿರ್ ಅಂತಿದೆ ನೋಡ್ರಿ. "ರೆಸ್ಟ್ ಕೊಡಿ, ಕಾದು ನೋಡಿ" ಅನ್ನುವುದು ಸುಲಭ. ಒಂದು ವರ್ಷ ಕಾದರೆ ಗಿರಾಕಿ ಕಾಯುತ್ತಾರಾ? ನನಗೆ ಮುಂದಿನ ಆರು ವಾರವೇ ಮುಖ್ಯ. ಹಾಗೆ ನೋಡಿದರೆ ಸ್ಟೀರಾಯ್ಡೇ ನನಗೆ ಸರಿ ಅಲ್ಲವಾ? 92% ಅಂದರಲ್ಲ.

ಮೆಟ್ಟುಗತ್ತಿ ಶಿರಸಿ:
ತಂಗಿ, ನಾನೂ ಇದೇ ಲೆಕ್ಕ ಹಾಕಿದ್ದು. ಆ ವರ್ಷದ ಕೊಯ್ಲು ಮುಗಿಸಿದೆ. ಮುಂದಿನ ವರ್ಷ ಎರಡೂ ಕೊಯ್ಲಿಗೆ ಆಳು ಇಟ್ಟೆ.

ಲೆಸ್ಟರ್ ಕನ್ನಡತಿ:
ನಾನು ಇಂಗ್ಲೆಂಡ್‌ನಲ್ಲಿ ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತೇನೆ, ಎತ್ತುವ ಕೆಲಸ. ಇಲ್ಲಿ ನಮ್ಮ ಡಾಕ್ಟರ್ ಇಂಜೆಕ್ಷನ್ ಮಾತೇ ಎತ್ತಲಿಲ್ಲ. ವ್ಯಾಯಾಮದ ಹಾಳೆ ಕೈಗಿಟ್ಟು, ಹಗುರ ಕೆಲಸ ಕೊಡಿ ಅಂತ ಆಫೀಸಿಗೆ ಪತ್ರ ಬರೆದರು. ಆಗ ಸಿಟ್ಟು ಬಂದಿತ್ತು. ಆ ಪತ್ರ ಇಲ್ಲದಿದ್ದರೆ ನಾನೂ ಸೂಜಿಯನ್ನೇ ಕೇಳುತ್ತಿದ್ದೆ. ಸ್ವಂತ ಉದ್ಯೋಗ ಇರುವವರಿಗೆ ಆ ಪತ್ರ ಯಾರು ಬರೆಯುತ್ತಾರೆ ಹೇಳಿ.

ಮಂಗಳೂರು ಮೂಳೆ ಡಾಕ್ಟ್ರು:
ಅಕ್ಕ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ನೇರವಾಗಿ ಹೇಳುತ್ತೇನೆ, ಆದರೆ ಕೈ ಮುಟ್ಟಿ ನೋಡಿದ ಡಾಕ್ಟರ್ ಮಾತಿಗೆ ನನ್ನ ಮಾತಿಗಿಂತ ತೂಕ ಜಾಸ್ತಿ.

ನಿಮ್ಮ ಮದುವೆ ತಿಂಗಳಿಗೆ ಪಿಆರ್‌ಪಿ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ನಂಬುವ ಡಾಕ್ಟರುಗಳೂ ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು ಅನ್ನುತ್ತಾರೆ. ಹಾಕಿದ ಮೊದಲ ಕೆಲವು ದಿನ ನೋವು ಈಗಿಗಿಂತ ಜಾಸ್ತಿ ಇರುತ್ತದೆ. ಆಗ ಊತದ ಮಾತ್ರೆಗಳನ್ನೂ ನುಂಗಬೇಡಿ ಅನ್ನುತ್ತಾರೆ. ಆರ್ಡರ್ ಇಟ್ಟುಕೊಂಡು ಅದನ್ನು ಮಾಡಿಸಿದರೆ ಹಣವೂ ಹೋಯಿತು, ತಿಂಗಳೂ ಹೋಯಿತು.

ಸ್ಟೀರಾಯ್ಡ್ ಆ ತಿಂಗಳಿಗೆ ಕೆಲಸ ಮಾಡಬಹುದು. ಆದರೆ ನಾದುವ ಕೈಗೆ ಹಾಕಿ ಮರುವಾರವೇ ನಾದಿದರೆ ಶಿರಸಿಯವರ ದಾರಿಯೇ. ಹಾಕಿಸಿಯೇ ತೀರುತ್ತೇನೆ ಅಂದರೆ ಒಂದೇ ಒಂದು ಸಲ. ಎರಡನೆಯದಕ್ಕೆ ಯಾರು ಕರೆದರೂ ಹೋಗಬೇಡಿ. ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಮೊದಲು ಮಾಡಿಸಿ. ಚರ್ಮದ ಬಣ್ಣ ಹೋಗುವ ವಿಷಯ ನಮ್ಮಂಥ ಕಂದು ಬಣ್ಣದವರಲ್ಲಿ ಎದ್ದು ಕಾಣುತ್ತದೆ, ಅದನ್ನೂ ಕೇಳಿಕೊಳ್ಳಿ. ಕುತ್ತಿಗೆ ತಿರುಗಿಸಿದರೆ ಕೈಗೆ ನೋವು ಇಳಿಯುತ್ತದಾ, ಬೆರಳು ಜುಮ್ಮೆನ್ನುತ್ತವಾ? ಹಾಗಿದ್ದರೆ ಕುತ್ತಿಗೆಯ ನರದ ತೊಂದರೆ ಇರಬಹುದು, ಮೊಣಕೈಗೆ ಯಾವ ಸೂಜಿ ಹಾಕಿದರೂ ದಂಡ.

ಸೊಂಪು ಕಾಳು:
ಬೊಟಾಕ್ಸ್ ಕೂಡ ಹಾಕುತ್ತಾರಂತೆ? ಮುಖಕ್ಕೆ ಹಾಕುವುದೇ?

ಮಂಗಳೂರು ಮೂಳೆ ಡಾಕ್ಟ್ರು:
ಅದೇ. ಸ್ನಾಯುವನ್ನು ಕೆಲವು ತಿಂಗಳು ಸುಸ್ತು ಮಾಡಿ ತಂತುವಿಗೆ ರಜೆ ಕೊಡುವ ಉಪಾಯ. ನೋವು ಕಮ್ಮಿಯಾದ ಉದಾಹರಣೆ ಇವೆ, ಆದರೆ ನಡುಬೆರಳು ನೆಟ್ಟಗೆ ಎತ್ತಲು ಆಗದೆ ಹೋಗುವುದು ಉಂಟು. ಬೆರಳು ಚಾಚಿ ರೊಟ್ಟಿ ಬಡಿಯುವವರಿಗೆ ಖಂಡಿತ ಬೇಡ. ಗ್ಲೂಕೋಸ್ ನೀರು ಚುಚ್ಚುವ ಪ್ರೋಲೋಥೆರಪಿ ಅಂತಲೂ ಇದೆ. ಅಗ್ಗ, ಆದರೆ ಅಧ್ಯಯನಗಳು ಸಣ್ಣವು.

ಕೀಲು ಕೆಲಸ (ಫಿಸಿಯೋ):
ಅಕ್ಕ, ಇಂಜೆಕ್ಷನ್ ಹಾಕಿಸಿದರೂ ಬಿಟ್ಟರೂ ಇದನ್ನು ಇವತ್ತಿನಿಂದ ಶುರು ಮಾಡಿ. ಮುಂಗೈ ಮೇಜಿನ ಮೇಲೆ, ಹಸ್ತ ಮೇಜಿನ ಅಂಚಿನಿಂದ ಹೊರಗೆ, ಅಂಗೈ ನೆಲದ ಕಡೆ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಎಡಗೈ ಸಹಾಯದಿಂದ ಹಸ್ತ ಮೇಲೆತ್ತಿ. ಎಡಗೈ ಬಿಟ್ಟು ಬಲಗೈ ಒಂದರಲ್ಲೇ ನಿಧಾನಕ್ಕೆ ಇಳಿಸಿ. ಇಳಿಸುವುದೇ ಮದ್ದು, ಎತ್ತುವುದಲ್ಲ. 15 ಸಲ, ಮೂರು ಸುತ್ತು, ದಿನಾ. ಸಣ್ಣ ನೋವು ಪರವಾಗಿಲ್ಲ. ಮರುದಿನ ಬೆಳಿಗ್ಗೆಗೂ ಉಳಿದರೆ ಬಾಟಲಿಯಲ್ಲಿ ನೀರು ಕಮ್ಮಿ ಮಾಡಿ.

ಇನ್ನು ಕೆಲಸದಲ್ಲಿ. ಏನೇ ಎತ್ತುವಾಗ ಅಂಗೈ ಮೇಲೆ ಇರಲಿ. ಹಿಟ್ಟಿನ ಡಬ್ಬಿಯನ್ನು ಮೇಲಿಂದ ಬೆರಳಲ್ಲಿ ಹಿಡಿದು ಎತ್ತುವುದೇ ಈ ತಂತುವಿಗೆ ಶತ್ರು. ಬೆಲ್ಟನ್ನು ನೋವಿನ ಎಲುಬಿನ ಮೇಲೆ ಕಟ್ಟುವವರೇ ಜಾಸ್ತಿ. ಎರಡು ಬೆರಳು ಕೆಳಗೆ, ಮುಂಗೈ ಮಾಂಸದ ಮೇಲೆ ಕಟ್ಟಬೇಕು.

ಹುಬ್ಬಳ್ಳಿ ಗಿರಣಿ:
ಅಕ್ಕಾರ, ಹಿಟ್ಟು ಕಲಸುವ ಮಷಿನ್ ಬಾಡಿಗೆಗೆ ಸಿಗುತ್ತದೆ. ಬಡಿಯುವುದು ಕೈಯಲ್ಲೇ ಇರಲಿ, ನಾದುವುದನ್ನು ಮಷಿನ್‌ಗೆ ಬಿಡಿ.

ಖಾಲಿ ಜೇಬು:
ಮಷಿನ್‌ನಲ್ಲಿ ನಾದಿದ ಜೋಳದ ಹಿಟ್ಟು ಜಿಗಿ ಬರುವುದಿಲ್ಲ. ಅಂಚು ಸೀಳುತ್ತದೆ.

ಹುಬ್ಬಳ್ಳಿ ಗಿರಣಿ:
ನೀರು ಕುದಿ ಬಂದಿದ್ದರೆ ಬರುತ್ತದೆ. ಬೆಚ್ಚಗಿನ ನೀರು ಹಾಕಿ ಮಷಿನ್ ಬೈದರೆ? ಊರೂರಿಗೆ ಮಷಿನ್ ರೊಟ್ಟಿ ಹೋಗುತ್ತಿದೆ, ಜನ ತಿನ್ನುತ್ತಿಲ್ಲವಾ?

ಖಾಲಿ ಜೇಬು:
ತಿನ್ನುತ್ತಾರೆ, ಹಪ್ಪಳ ಅಂತ ತಿಳಿದು.

ಲೆಕ್ಕದ ಮೇಷ್ಟ್ರು:
ಪಿಆರ್‌ಪಿಯ 9 ಸಾವಿರದಲ್ಲಿ ಮಷಿನ್ ಬಾಡಿಗೆ ಎಷ್ಟು ತಿಂಗಳು ಬರುತ್ತದೆ, ಅದನ್ನು ಹೇಳಿ ಮೊದಲು.

ಹುಬ್ಬಳ್ಳಿ ಗಿರಣಿ:
ಸಣ್ಣದಾದರೆ ನಾಲ್ಕು ತಿಂಗಳು ಆರಾಮ. ಅಕ್ಕಾರ, ಖಾಸಗಿ ಸಂದೇಶ ಕಳಿಸಿದ್ದೇನೆ ನೋಡಿ.

ರೊಟ್ಟಿಮನೆ ಧಾರವಾಡ:
ನೋಡಿದೆ ಅಣ್ಣ. ಮಷಿನ್ ಒಂದು ತಿಂಗಳಿಗೆ ತಗೋತೀನಿ, ಹಿಟ್ಟು ಹೇಗೆ ಬರುತ್ತದೆ ನೋಡೋಣ. ಒಂದು ದೊಡ್ಡ ಆರ್ಡರ್ ಪಕ್ಕದ ಓಣಿಯ ಗೆಳತಿಗೆ ಕೊಟ್ಟೆ, ಕಮಿಷನ್ ಮಾತಾಡಿಕೊಂಡಿದ್ದೇವೆ. ಪಿಆರ್‌ಪಿ ಸದ್ಯಕ್ಕೆ ಬೇಡ. ಸ್ಟೀರಾಯ್ಡ್ ಬಾಗಿಲು ಪೂರ್ತಿ ಮುಚ್ಚಿಲ್ಲ, ಶುಗರ್ ರಿಪೋರ್ಟ್ ಬರಲಿ. ಬೆಲ್ಟ್ ಮಾತ್ರ ಇಷ್ಟು ದಿನ ಎಲುಬಿನ ಮೇಲೇ ಕಟ್ಟುತ್ತಿದ್ದೆ, ಅಂಗಡಿಯವನು ಹಾಗೇ ತೋರಿಸಿದ್ದ.

ಶಟಲ್ ಹುಚ್ಚ:
ಒಳ್ಳೆಯದಾಗಲಿ ಅಕ್ಕ. ಆರು ತಿಂಗಳಿಗೂ ಕಮ್ಮಿ ಆಗದಿದ್ದರೆ ನನ್ನ ಮಾತು ನೆನಪಿಸಿಕೊಳ್ಳಿ.

ಹಾಲು ಡೇರಿ ಮಂಡ್ಯ:
ತಡವಾಗಿ ಬಂದೆ. ನನಗೆ ನೋವು ಮೊಣಕೈ ಹೊರಗಲ್ಲ, ಒಳಗಡೆ. ಹಸು ಕರೆದು ಬಂದದ್ದು. ಇದಕ್ಕೂ ಇದೇ ಮಾತುಗಳಾ?

ಮಂಗಳೂರು ಮೂಳೆ ಡಾಕ್ಟ್ರು:
ಅದು ಗಾಲ್ಫರ್ಸ್ ಎಲ್ಬೋ ಇರಬಹುದು. ವ್ಯಾಯಾಮ ಇದರದ್ದೇ ತಲೆಕೆಳಗು, ಅಂಗೈ ಮೇಲೆ ಮಾಡಿ. ಇಂಜೆಕ್ಷನ್ ವಿಷಯದಲ್ಲಿ ಮಾತ್ರ ಇನ್ನೂ ಹುಷಾರು. ಮೊಣಕೈ ತಾಗಿದರೆ ಕಿರುಬೆರಳಿನವರೆಗೆ ಕರೆಂಟ್ ಹೊಡೆದಂತಾಗುತ್ತದಲ್ಲ, ಆ ನರ ಸರಿಯಾಗಿ ಅಲ್ಲೇ ಹಿಂದೆ ಹಾದುಹೋಗುತ್ತದೆ. ಯಾರಾದರೂ ಸೂಜಿ ಹಾಕುತ್ತೇನೆ ಅಂದರೆ ಅಲ್ಟ್ರಾಸೌಂಡ್ ನೋಡಿಕೊಂಡು ಹಾಕುತ್ತೀರಾ ಅಂತ ಕೇಳಿ. ಕಿರುಬೆರಳು ಈಗಾಗಲೇ ಜುಮ್ಮೆನ್ನುತ್ತದಾ?

ಹಾಲು ಡೇರಿ ಮಂಡ್ಯ:
ಬೆಳಿಗ್ಗೆ ಹೊತ್ತು ಅನ್ನುತ್ತದೆ ಸರ್.

ಮಂಗಳೂರು ಮೂಳೆ ಡಾಕ್ಟ್ರು:
ಹಾಗಾದರೆ ಹೊಸ ಎಳೆ ಶುರು ಮಾಡಿ, ಈ ವಾರವೇ ಯಾರಿಗಾದರೂ ಕೈ ತೋರಿಸಿ. ರಾತ್ರಿ ಮೊಣಕೈ ಮಡಚಿಕೊಂಡು ಮಲಗಬೇಡಿ.